ಎಸ್‌ಯುವಿಯ ಹಿಂಬದಿ ಸದ್ದು: ಶಾಕ್ ಅಬ್ಸಾರ್ಬರ್ ಬದಲಿಸಿದರೂ ನಿಲ್ಲದ ಲಟಲಟಕ್ಕೆ ಕಾರಣ ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮದು ಏಳು ಆಸನಗಳ ಡೀಸೆಲ್ ಎಸ್‌ಯುವಿ. ಛಾಸಿಯ ಮೇಲೆ ಬಾಡಿ ಕೂರಿಸಿದ, ಹಿಂದಿನ ಚಕ್ರಗಳಿಂದ ಓಡುವ, ಮ್ಯಾನುವಲ್ ಗೇರಿನ ಗಾಡಿ. ಹಿಂದೆ ಕಾಯಿಲ್ ಸ್ಪ್ರಿಂಗ್ ಇದೆ. ಆರು ವರ್ಷದಲ್ಲಿ 92,000 ಕಿ.ಮೀ. ಓಡಿದೆ. ಮೂಡಿಗೆರೆ ಹತ್ತಿರ ತೋಟದ ಮನೆ, ಮುಖ್ಯರಸ್ತೆಯಿಂದ ಒಳಗೆ ಕಲ್ಲುಮಣ್ಣಿನ ದಾರಿ. ಕಳೆದ ಮಳೆಗಾಲದ ನಂತರ ಆ ದಾರಿಯಲ್ಲಿ 20–30 ಕಿ.ಮೀ. ವೇಗದಲ್ಲಿ ಹಿಂದಿನಿಂದ ಲಟಲಟ ಎಂಬ ಸದ್ದು ಬರುತ್ತಿದೆ. ಮನೆಯವರೆಲ್ಲ ಕೂತಾಗ ಅದು ಕಡಿಮೆ. ರಿವರ್ಸ್ ತೆಗೆದು ಮುಂದಕ್ಕೆ ಹೊರಟಾಗಲೂ ಒಮ್ಮೆ 'ಟಕ್' ಎನ್ನುತ್ತದೆ. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿದೆವು, ಡಿಕ್ಕಿ ಬಾಗಿಲಿನ ರಬ್ಬರ್ ಬದಲಿಸಿದೆವು, ಸದ್ದು ಹೋಗಲಿಲ್ಲ. ಈಗ ಒಬ್ಬ ಮೆಕ್ಯಾನಿಕ್ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳನ್ನೆಲ್ಲ ಬದಲಿಸಬೇಕು ಎನ್ನುತ್ತಾರೆ, ಇನ್ನೊಬ್ಬರು ಹಿಂದಿನ ಆಕ್ಸಲಿನೊಳಗಿನ ಕ್ರೌನ್-ಪಿನಿಯನ್ ಗೇರು ಹೋಗಿದೆ ಎನ್ನುತ್ತಾರೆ, ಮೂರನೆಯವರು ಈ ಜಾತಿಯ ಗಾಡಿಗಳೆಲ್ಲ ಹೀಗೆಯೇ ಎನ್ನುತ್ತಾರೆ. ಮುಂದಿನ ತಿಂಗಳು ಕುಟುಂಬದೊಂದಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಬೇಕಿದೆ. ಯಾರ ಮಾತು ಕೇಳುವುದು?

ಉತ್ತರ: ನೀವು ಬರೆದದ್ದರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಬದಲಿಸಿದ ಭಾಗಗಳ ಪಟ್ಟಿಯಲ್ಲ, ಸದ್ದು ಯಾವಾಗ ಬರುತ್ತದೆ ಎಂಬ ವಿವರ. ಅದನ್ನು ಓದಿದರೆ ನಿಮ್ಮ ಗಾಡಿಯಲ್ಲಿರುವುದು ಒಂದು ಸದ್ದಲ್ಲ, ಒಂದಕ್ಕೊಂದು ಸಂಬಂಧವಿಲ್ಲದಿರಬಹುದಾದ ಎರಡು ಸದ್ದು ಎಂದು ತೋರುತ್ತದೆ. ಒರಟು ದಾರಿಯಲ್ಲಿ ಲಟಲಟ ಎನ್ನುವುದು ರಸ್ತೆಯ ಅಲುಗಾಟಕ್ಕೆ ಹುಟ್ಟುವಂಥದ್ದು. ಗಾಡಿಯ ದಿಕ್ಕು ಬದಲಾದಾಗ ಒಮ್ಮೆ ಮಾತ್ರ ಟಕ್ ಎನ್ನುವುದು ಎಂಜಿನ್ನಿನ ಎಳೆತ ಅಥವಾ ಬ್ರೇಕಿನ ಹಿಡಿತ ತಿರುಗುಮುರುಗಾಗುವುದರಿಂದ ಹುಟ್ಟುವಂಥದ್ದು. ಎರಡನ್ನೂ ಒಂದೇ ರೋಗವೆಂದು ಭಾವಿಸಿ ಒಂದೇ ಮದ್ದು ಹುಡುಕಿದ್ದರಿಂದ ಮೂವರು ಮೆಕ್ಯಾನಿಕ್‌ಗಳಿಂದ ಮೂರು ಉತ್ತರ ಬಂದಿದೆ. ಅವರಲ್ಲಿ ಯಾರೂ ಪೂರ್ತಿ ತಪ್ಪು ಹೇಳಿರಲಾರರು, ಆದರೆ ಯಾರೂ ಸದ್ದಿನ ಜಾಗವನ್ನು ನಿಮಗೆ ಬೆರಳಿಟ್ಟು ತೋರಿಸಿಲ್ಲ. ತೋರಿಸುವ ತನಕ ಇನ್ನೊಂದು ಬಿಡಿಭಾಗವನ್ನು ಕೊಳ್ಳಬೇಡಿ ಎಂಬುದೇ ನನ್ನ ಮೊದಲ ಸಲಹೆ.

ಹಿಂದಿನಿಂದ ಸದ್ದು ಬಂದರೆ ಶಾಕ್ ಅಬ್ಸಾರ್ಬರ್ ಹೋಗಿದೆ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ನಮ್ಮಲ್ಲಿಗೆ ಇಂಥ ದೂರಿನೊಂದಿಗೆ ಬರುವ ಗಾಡಿಗಳಲ್ಲಿ ಹೆಚ್ಚಿನವು ಆಗಲೇ ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿಕೊಂಡೇ ಬಂದಿರುತ್ತವೆ. ಶಾಕ್ ಅಬ್ಸಾರ್ಬರಿನ ಕೆಲಸ ಸ್ಪ್ರಿಂಗಿನ ಕುಣಿತವನ್ನು ತಡೆಯುವುದು. ಅದರೊಳಗಿನ ಎಣ್ಣೆ ಸೋರಿಹೋದರೆ ಗಾಡಿ ತೇಲಿದಂತಾಗುತ್ತದೆ, ಉಬ್ಬು ದಾಟಿದ ಮೇಲೂ ಎರಡು ಮೂರು ಬಾರಿ ಏರಿಳಿಯುತ್ತದೆ, ಟೈರು ಅಲ್ಲಲ್ಲಿ ತಗ್ಗುಬಿದ್ದಂತೆ ಸವೆಯುತ್ತದೆ, ಸದ್ದು ಮಾಡಲೇಬೇಕೆಂದಿಲ್ಲ. ಸದ್ದು ಮಾಡುವುದು ಹೆಚ್ಚಾಗಿ ಅದರ ಮೇಲಿನ ಮತ್ತು ಕೆಳಗಿನ ಬುಷ್‌ಗಳು. ಬಂಪರನ್ನು ಕೈಯಿಂದ ಒತ್ತಿ ಬಿಟ್ಟು ನೋಡುವ ಪರೀಕ್ಷೆಯೂ ಪೂರ್ತಿ ಸತ್ತ ಶಾಕ್ ಅಬ್ಸಾರ್ಬರನ್ನು ಮಾತ್ರ ಹಿಡಿಯುತ್ತದೆ, ಅರ್ಧ ಸವೆದದ್ದನ್ನಲ್ಲ. ಹೊರಮೈ ಮೇಲೆ ತೆಳುವಾಗಿ ಧೂಳು ಅಂಟಿದ ಎಣ್ಣೆಯ ಪಸೆಯಿದ್ದರೆ ಚಿಂತೆಯಿಲ್ಲ, ಒದ್ದೆಯಾಗಿ ಎಣ್ಣೆ ಇಳಿದಿದ್ದರೆ ಬದಲಿಸಬೇಕು. ನಿಮ್ಮ ವಿಷಯದಲ್ಲಿ ಇನ್ನೊಂದು ಸಾಧ್ಯತೆಯಿದೆ: ಹೊಸದನ್ನು ಕೂರಿಸುವಾಗ ಒಂದು ವಾಷರ್ ತಪ್ಪಿದ್ದರೆ ಅಥವಾ ನಟ್ ಪೂರ್ತಿ ಬಿಗಿಯಾಗದಿದ್ದರೆ ಹೊಸ ಶಾಕ್ ಅಬ್ಸಾರ್ಬರೇ ಟಕಟಕ ಎನ್ನಬಹುದು. ಆದ್ದರಿಂದ ಆ ನಾಲ್ಕು ಬೋಲ್ಟುಗಳ ಬಿಗಿತವನ್ನು ಮೊದಲು ನೋಡಿಸಿ.

ಕಿವಿಗೆ ಹಿಂದಿನಿಂದ ಕೇಳಿದ ಮಾತ್ರಕ್ಕೆ ಸದ್ದು ಹಿಂದೆಯೇ ಹುಟ್ಟಿರಬೇಕೆಂಬುದೂ ಪೂರ್ತಿ ನಿಜವಲ್ಲ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದ ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು ಸಾಗುತ್ತದೆ. ಉದ್ದನೆಯ ಛಾಸಿಯ ನಡುವೆ ಎಲ್ಲೋ ತಟ್ಟಿದ್ದು ಹಿಂದಿನ ತಗಡಿನ ಮೂಲಕ ಹೊರಬರಬಹುದು. ಎಸ್‌ಯುವಿಯಲ್ಲಿ ಡಿಕ್ಕಿಗೂ ಪ್ರಯಾಣಿಕರ ಜಾಗಕ್ಕೂ ನಡುವೆ ಸೆಡಾನ್ ಕಾರಿನಂತೆ ಗೋಡೆಯಿಲ್ಲದ ಕಾರಣ ಹಿಂದಿನ ಸಣ್ಣ ಸದ್ದೂ ದೊಡ್ಡದಾಗಿ ಮುಂದೆ ಬರುತ್ತದೆ. ಮೂರನೆಯ ಮೆಕ್ಯಾನಿಕ್ ಹೇಳಿದ 'ಎಲ್ಲ ಗಾಡಿಯೂ ಹೀಗೆಯೇ' ಎಂಬ ಮಾತಿಗೆ ಇಷ್ಟರ ಮಟ್ಟಿಗೆ ಆಧಾರವಿದೆ. ಆದರೆ ಮಳೆಗಾಲದ ನಂತರ ಹೊಸದಾಗಿ ಶುರುವಾದ ಸದ್ದು ಗಾಡಿಯ ಹುಟ್ಟುಗುಣವಾಗಲು ಸಾಧ್ಯವಿಲ್ಲ.

ಈಗ ಲಟಲಟದ ಮೂಲವನ್ನು ಹುಡುಕೋಣ. ಇದಕ್ಕೆ ಮೊದಲ ಮೆಟ್ಟಿಲು ಖರ್ಚಿಲ್ಲದ್ದು, ಬಹಳ ಜನ ಬಿಟ್ಟುಬಿಡುವಂಥದ್ದು. ಡಿಕ್ಕಿಯನ್ನು ಪೂರ್ತಿ ಖಾಲಿ ಮಾಡಿ. ಜಾಕಿ, ವೀಲ್ ಸ್ಪ್ಯಾನರ್, ಜಾಕಿಯ ಸರಳು, ಎಚ್ಚರಿಕೆಯ ತ್ರಿಕೋನ, ಪಕ್ಕದ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಎಂದೋ ಇಟ್ಟು ಮರೆತ ಬಾಟಲಿ ಎಲ್ಲವನ್ನೂ ಹೊರತೆಗೆಯಿರಿ. ಮೂರನೆಯ ಸಾಲಿನ ಆಸನಗಳನ್ನು ಒಮ್ಮೆ ಮಡಚಿ, ಒಮ್ಮೆ ಬಿಡಿಸಿ, ಎರಡೂ ಸ್ಥಿತಿಯಲ್ಲಿ ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಓಡಿಸಿ ನೋಡಿ. ಸೀಟ್ ಬೆಲ್ಟಿನ ಕೊಂಡಿ ಪ್ಲಾಸ್ಟಿಕ್ಕಿಗೆ ತಟ್ಟುವ ಸದ್ದು ಕೂಡ ಸಸ್ಪೆನ್ಷನ್ ಮುರಿದಂತೆ ಕೇಳಿಸುವುದುಂಟು. ಡಿಕ್ಕಿ ಬಾಗಿಲಿನ ಸುತ್ತಲಿನ ರಬ್ಬರನ್ನು ನೀವು ಬದಲಿಸಿದ್ದೀರಿ, ಆದರೆ ಬಾಗಿಲು ಅಲುಗದಂತೆ ಹಿಡಿಯುವುದು ಆ ರಬ್ಬರಲ್ಲ, ಬೀಗದ ಕೊಕ್ಕೆ ಕಚ್ಚಿಕೊಳ್ಳುವ ಕಬ್ಬಿಣದ ಬಳೆ ಮತ್ತು ಎರಡೂ ಬದಿಯ ಗಟ್ಟಿ ರಬ್ಬರ್ ಗುಬ್ಬಿಗಳು. ಆ ಬಳೆಗೆ ಎರಡು ಸುತ್ತು ಬಟ್ಟೆಯ ಟೇಪು ಸುತ್ತಿ ಓಡಿಸಿ. ಸದ್ದು ನಿಂತರೆ ಬಳೆಯನ್ನು ಕೊಂಚ ಒಳಕ್ಕೆ ಸರಿಸಿ ಬಿಗಿಸಿದರೆ ಮುಗಿಯಿತು. ನಂಬರ್ ಪ್ಲೇಟು, ಹಿಂದಿನ ವೈಪರಿನ ತೋಳು ಇವನ್ನು ಬೆರಳಿನಿಂದ ತಟ್ಟಿ ನೋಡಿದರೆ ಸಾಕು.

ಗಾಡಿ ನಿಂತಿರುವಾಗ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ನಿನ ವೇಗವನ್ನು ನಿಧಾನವಾಗಿ ನಿಮಿಷಕ್ಕೆ 2,000 ಸುತ್ತಿನವರೆಗೆ ಏರಿಸಿ. ಯಾವುದೋ ಒಂದು ವೇಗದಲ್ಲಿ ಜುಯ್ ಎಂದು ತಗಡು ನಡುಗಿದರೆ ಅದು ಸೈಲೆನ್ಸರಿನ ಮೇಲಿನ ಶಾಖ ತಡೆಯುವ ತಗಡು ಅಥವಾ ಹರಿದ ತೂಗುರಬ್ಬರ್. ನಿಂತ ಗಾಡಿಯಲ್ಲಿ ಬರುವ ಸದ್ದಿಗೂ ಸಸ್ಪೆನ್ಷನ್ನಿಗೂ ಸಂಬಂಧವಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಬಿಸಿ ಸೈಲೆನ್ಸರನ್ನು ಮುಟ್ಟಬೇಡಿ. ತಣಿದ ಮೇಲೆ ಕೈಯಿಂದ ಅಲುಗಿಸಿ ಖಚಿತಪಡಿಸಿಕೊಳ್ಳಿ.

ಮಲೆನಾಡಿನ ಗಾಡಿಗಳಲ್ಲಿ ನಾನು ತಪ್ಪದೆ ನೋಡುವುದು ಹೊಟ್ಟೆಯ ಕೆಳಗೆ ತೂಗುಹಾಕಿದ ಸ್ಟೆಪ್ನಿ. ಸರಪಳಿಯಿಂದಲೋ ಉಕ್ಕಿನ ಹಗ್ಗದಿಂದಲೋ ಮೇಲಕ್ಕೆತ್ತಿ ಬಿಗಿಯುವ ಈ ವ್ಯವಸ್ಥೆ ವರ್ಷಗಟ್ಟಲೆ ಕೆಸರು ನೀರಿನಲ್ಲಿ ನೆಂದು ತುಕ್ಕು ಹಿಡಿಯುತ್ತದೆ. ಟೈರಿನಲ್ಲಿ ಗಾಳಿ ಇಳಿದರೂ ಹಿಡಿತ ಸಡಿಲವಾಗಿ ಲೊಡಲೊಡ ಎನ್ನತೊಡಗುತ್ತದೆ. ಸ್ಟೆಪ್ನಿಯನ್ನು ಒಮ್ಮೆ ಪೂರ್ತಿ ಕೆಳಗಿಳಿಸಿ, ಸರಪಳಿಯ ಕೊಂಡಿಗಳನ್ನು ನೋಡಿ, ಗಾಳಿ ತುಂಬಿಸಿ ಮತ್ತೆ ಬಿಗಿಸಿ. ಕೊಂಡಿ ಸವೆದಿದ್ದರೆ ಸದ್ದಿನ ಮಾತು ಹಾಗಿರಲಿ, ಓಡುವಾಗ ಚಕ್ರ ರಸ್ತೆಗೆ ಬೀಳುವ ಅಪಾಯವಿದೆ.

ಇಷ್ಟಾದರೂ ಲಟಲಟ ಉಳಿದರೆ ಸಸ್ಪೆನ್ಷನ್ ಕಡೆ ಹೋಗಬೇಕು. ತುಂಬಿದ ಗಾಡಿಯಲ್ಲಿ ಸದ್ದು ಕಡಿಮೆ ಎಂದು ಬರೆದಿದ್ದೀರಿ. ಭಾರ ಬಿದ್ದಾಗ ಸಡಿಲವಿದ್ದ ಕೀಲುಗಳು ಒಂದು ಬದಿಗೆ ಒತ್ತಿಕೊಂಡು ನಿಲ್ಲುತ್ತವೆ. ಖಾಲಿ ಗಾಡಿಯಲ್ಲಿ ಅವು ಅತ್ತಿತ್ತ ಬಡಿದಾಡುತ್ತವೆ. ಮೇಲಿನ ತಪಾಸಣೆಯಲ್ಲಿ ಆಸನದ ಕೊಂಡಿಗಳು ನಿರಪರಾಧಿ ಎಂದಾದರೆ, ನಿಮ್ಮ ಗಾಡಿಯಲ್ಲಿ ಹಿಂದೆ ಸ್ಟೆಬಿಲೈಸರ್ ಬಾರ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸರಳು) ಇದ್ದಲ್ಲಿ, ಅದರ ತುದಿಗಳ ಕೊಂಡಿಗಳಾದ ಲಿಂಕ್ ರಾಡ್‌ಗಳ ಮೇಲೆ ನನ್ನ ಮೊದಲ ಅನುಮಾನ. ಇದನ್ನು ನೀವೇ ಪರೀಕ್ಷಿಸಬಹುದು. ರಸ್ತೆಯ ಪೂರ್ತಿ ಅಗಲಕ್ಕಿರುವ ಹಂಪನ್ನು ನೇರವಾಗಿ ದಾಟಿದಾಗ ಎರಡೂ ಚಕ್ರ ಒಟ್ಟಿಗೆ ಏರುವುದರಿಂದ ಸ್ಟೆಬಿಲೈಸರ್ ಬಾರ್ ತಿರುಚಿಕೊಳ್ಳುವುದಿಲ್ಲ, ಲಿಂಕಿನ ಮೇಲೆ ಹೆಚ್ಚು ಬಲ ಬೀಳುವುದಿಲ್ಲ. ಒಂದೇ ಬದಿಯ ಗುಂಡಿಗೆ ಚಕ್ರ ಇಳಿದಾಗ ಅದು ತಿರುಚುತ್ತದೆ. ಹಂಪಿನಲ್ಲಿ ಮೌನವಾಗಿದ್ದು ಒಂಟಿ ಗುಂಡಿಯಲ್ಲಿ ಲಟಲಟ ಎಂದರೆ ಲಿಂಕ್ ರಾಡ್ ಅಥವಾ ಬಾರನ್ನು ಛಾಸಿಗೆ ಹಿಡಿದಿಡುವ ಬುಷ್‌ಗಳ ಕಡೆಗೆ ಬೆರಳು ತಿರುಗುತ್ತದೆ. ಎರಡರಲ್ಲೂ ಸಮನಾಗಿ ಧಡ್ ಎಂದರೆ ಶಾಕ್ ಅಬ್ಸಾರ್ಬರಿನ ಬುಷ್, ಸ್ಪ್ರಿಂಗಿನ ಕೆಳಗಿನ ರಬ್ಬರ್ ಪ್ಯಾಡ್, ಅಥವಾ ಮುರಿದ ಸ್ಪ್ರಿಂಗನ್ನು ನೋಡಬೇಕು. ಕೆಸರು ನಿಲ್ಲುವ ಜಾಗವಾದ್ದರಿಂದ ಕಾಯಿಲ್ ಸ್ಪ್ರಿಂಗಿನ ಕೊನೆಯ ಸುತ್ತು ತುಕ್ಕಿಗೆ ಮುರಿಯುವುದುಂಟು, ಮುರಿದ ತುಂಡು ಅಲ್ಲೇ ಕೂತಿದ್ದರೆ ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಕಮಾನಿನವರೆಗೆ ಎರಡೂ ಬದಿ ಟೇಪಿನಲ್ಲಿ ಅಳೆದರೆ ಒಂದು ಬದಿ ಕುಸಿದದ್ದು ತಿಳಿಯುತ್ತದೆ. ಕಲ್ಲುದಾರಿಯಲ್ಲಿ ಬ್ರೇಕ್ ಪೆಡಲನ್ನು ಮೆಲ್ಲಗೆ ಒತ್ತಿಕೊಂಡೇ ಸಾಗಿದಾಗ ಸದ್ದು ನಿಂತುಹೋದರೆ, ಸಡಿಲವಾಗಿರುವುದು ಬ್ರೇಕಿನ ಪ್ಯಾಡ್, ಶೂ ಅಥವಾ ಅವುಗಳ ಕ್ಲಿಪ್ಪು.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಒಳ್ಳೆಯ ಮೆಕ್ಯಾನಿಕ್‌ಗಳೂ ಎಡವುವುದು ಇಲ್ಲಿಯೇ. ಎರಡು ಕಂಬದ ಲಿಫ್ಟ್ ಮೇಲೆ ಗಾಡಿಯನ್ನು ಎತ್ತಿದಾಗ ಹಿಂದಿನ ಆಕ್ಸಲ್ ತನ್ನ ಭಾರಕ್ಕೆ ಪೂರ್ತಿ ಕೆಳಕ್ಕೆ ಜೋತುಬೀಳುತ್ತದೆ. ಆಗ ಲಿಂಕ್‌ಗಳು, ಆಕ್ಸಲನ್ನು ಛಾಸಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ಗಳು ಎಲ್ಲವೂ ಎಳೆದು ಹಿಡಿದಂತಾಗಿ, ಸವೆದ ಕೀಲೂ ಗಟ್ಟಿಯಾಗಿರುವಂತೆ ತೋರುತ್ತದೆ. 'ಎಲ್ಲ ಸರಿಯಾಗಿದೆ' ಎಂದು ಗಾಡಿಯನ್ನು ಕೆಳಗಿಳಿಸಿದರೆ ಸದ್ದು ಮತ್ತೆ ಹಾಜರ್. ಚಕ್ರಗಳು ನೆಲದ ಮೇಲೆಯೇ ನಿಂತಿರುವಂತೆ, ಅಂದರೆ ತಪಾಸಣೆಯ ಗುಂಡಿಯ ಮೇಲೆ ಅಥವಾ ಗಾಡಿಯನ್ನು ಹತ್ತಿಸಿ ನಿಲ್ಲಿಸುವ ಲಿಫ್ಟ್ ಮೇಲೆ, ಪ್ರತಿ ಲಿಂಕನ್ನು ಕೈಯಿಂದ ಹಿಡಿದು ಅಲುಗಿಸಿ, ಪ್ರತಿ ಬುಷ್ಷಿಗೂ ಲಿವರ್ ಹಾಕಿ ಮೀಟಿ ನೋಡಬೇಕು. ಒಬ್ಬರು ಗಾಡಿಯನ್ನು ಅಡ್ಡಡ್ಡಲಾಗಿ ತಳ್ಳಿ ತೂಗುತ್ತಿರುವಾಗ, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ತಡೆಯುವ ಪ್ಯಾನ್‌ಹಾರ್ಡ್ ರಾಡಿನ ಎರಡೂ ತುದಿಗಳನ್ನು ಇನ್ನೊಬ್ಬರು ನೋಡಬೇಕು. ಬೋಲ್ಟಿನ ತಲೆಯ ಸುತ್ತ ಹೊಳೆಯುವ ಬಳೆ ಅಥವಾ ಕೆಂಪು ಪುಡಿ ಕಂಡರೆ ಅಲ್ಲಿ ಚಲನೆಯಿದೆ ಎಂದೇ ಅರ್ಥ.

ಬಿಗಿಸುವಾಗಲೂ ಇದೇ ನಿಯಮ. ಕಂಟ್ರೋಲ್ ಆರ್ಮಿನ ಬುಷ್ ಎಂದರೆ ಒಳಕೊಳವೆ ಮತ್ತು ಹೊರಕೊಳವೆಗಳ ನಡುವೆ ಅಂಟಿಸಿದ ರಬ್ಬರ್. ಬೋಲ್ಟ್ ಬಿಗಿಸಿದ ಮೇಲೆ ಒಳಕೊಳವೆ ತಿರುಗುವುದಿಲ್ಲ. ಆರ್ಮ್ ಏರಿಳಿದಂತೆ ರಬ್ಬರ್ ತಾನೇ ತಿರುಚಿಕೊಂಡು ಮರಳುತ್ತದೆ. ಆಕ್ಸಲ್ ಜೋತಾಡುತ್ತಿರುವಾಗಲೇ ಬೋಲ್ಟನ್ನು ಬಿಗಿಸಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ಆ ರಬ್ಬರ್ ಸದಾ ತಿರುಚಿಕೊಂಡೇ ಇರಬೇಕಾಗುತ್ತದೆ, ಬೇಗನೆ ಹರಿಯುತ್ತದೆ. 'ಒರಿಜಿನಲ್ ಬುಷ್ ಹಾಕಿಸಿದೆ, ಆರು ತಿಂಗಳಿಗೇ ಹೋಯಿತು' ಎಂಬ ದೂರಿನಲ್ಲಿ ಬುಷ್ಷಿನ ದೋಷಕ್ಕಿಂತ ಇದೇ ಹೆಚ್ಚು. ಬೋಲ್ಟುಗಳನ್ನು ಕೈಬಿಗಿಯಲ್ಲಿ ಬಿಟ್ಟು, ಚಕ್ರ ನೆಲ ಮುಟ್ಟಿದ ಮೇಲೆ, ತಯಾರಕರು ಹೇಳಿದ ಅಳತೆಗೆ ಟಾರ್ಕ್ ವ್ರೆಂಚಿನಿಂದ ಬಿಗಿಸುವಂತೆ ಜಾಬ್ ಕಾರ್ಡಿನಲ್ಲಿ ಬರೆಸಿ.

ಎಲ್ಲ ಬುಷ್ ಬದಲಿಸುವ ಮಾತಿಗೆ ಬರೋಣ. 92,000 ಕಿ.ಮೀ. ಕಲ್ಲುದಾರಿ ಕಂಡ ಗಾಡಿಯಲ್ಲಿ ಕೆಲವು ಬುಷ್ ಸವೆದಿರುವುದು ಸಹಜ, ಆದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕಾರಣವಾಗಿತ್ತೆಂದು ಎಂದಿಗೂ ತಿಳಿಯುವುದಿಲ್ಲ, ಸದ್ದು ಉಳಿದರೆ ಹಿಡಿದುಕೊಳ್ಳಲು ಎಳೆಯೂ ಉಳಿಯುವುದಿಲ್ಲ. ಹರಿದದ್ದು ಕಂಡ ಜೋಡಿಯನ್ನು ಮಾತ್ರ ಎಡಬಲ ಒಟ್ಟಿಗೆ ಬದಲಿಸಿ. ಬುಷ್ಷನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿ ಕೂರಿಸಬೇಕು. ಸುತ್ತಿಗೆಯಿಂದ ಬಡಿದರೆ ಆರ್ಮಿನ ಕಣ್ಣು ಕೋಳಿಮೊಟ್ಟೆಯಾಕಾರಕ್ಕೆ ತಿರುಗಿ ಹೊಸ ಬುಷ್ಷೂ ಸಡಿಲವಾಗುತ್ತದೆ. ಪ್ರೆಸ್ ಇಲ್ಲದ ಕಡೆ ಬುಷ್ ಸಮೇತ ಇಡೀ ಆರ್ಮ್ ಕೊಳ್ಳುವುದು ದುಬಾರಿಯಾದರೂ ಲೇಸು. ಪಾಲಿಯುರೆಥೇನ್ ಬುಷ್ ಬಾಳಿಕೆ ಬರುತ್ತದೆ ಎಂದು ಯಾರಾದರೂ ಸೂಚಿಸಬಹುದು. ಬಾಳಿಕೆ ನಿಜ, ಆದರೆ ರಬ್ಬರಿನಷ್ಟು ಬಳುಕದ ಕಾರಣ ನಡುಕ ಹೆಚ್ಚು ಒಳಬರುತ್ತದೆ, ಗ್ರೀಸ್ ಒಣಗಿದರೆ ಅದೇ ಕಿರ್ ಎನ್ನುತ್ತದೆ, ಗಟ್ಟಿ ಆಕ್ಸಲ್ ಏರುಪೇರಾದ ದಾರಿಯಲ್ಲಿ ಓರೆಯಾಗಬೇಕಾದಾಗ ಆರ್ಮ್‌ಗಳನ್ನು ಬಿಗಿಹಿಡಿಯುತ್ತದೆ. ತೋಟದ ದಾರಿಯ ಕುಟುಂಬದ ಗಾಡಿಗೆ ನಾನು ಅದನ್ನು ಹಾಕುವುದಿಲ್ಲ.

ಸರ್ವಿಸ್ ಸ್ಟೇಷನ್ನಿನಲ್ಲಿ ತೊಳೆದ ಮೇಲೆ ಅಡಿಭಾಗಕ್ಕೆ ಡೀಸೆಲ್ಲನ್ನೋ ಹಳೆಯ ಎಂಜಿನ್ ಆಯಿಲನ್ನೋ ಸಿಂಪಡಿಸುವ ಅಭ್ಯಾಸ ನಿಮ್ಮ ಕಡೆಯೂ ಇದ್ದರೆ ದಯವಿಟ್ಟು ಬೇಡವೆನ್ನಿ. ಒಂದು ವಾರ ಸದ್ದು ಅಡಗಬಹುದು, ಆದರೆ ಖನಿಜ ತೈಲಕ್ಕೆ ಸಹಜ ರಬ್ಬರ್ ಉಬ್ಬಿ ಮೆತ್ತಗಾಗಿ ಹಾಳಾಗುತ್ತದೆ. ಕಿರ್ ಎನ್ನುವ ಬುಷ್ಷನ್ನು ಗುರುತಿಸಲು ನೀರು ಅಥವಾ ಸಿಲಿಕೋನ್ ಸ್ಪ್ರೇ ಸಾಕು.

ಇನ್ನು ಆ ಒಂದೇ ಟಕ್. ಮೊದಲು ಅದು ಬರುವುದು ಹೊರಡುವಾಗಲೋ, ದಿಕ್ಕು ಬದಲಾದ ಮೇಲೆ ಮೊದಲ ಸಲ ಬ್ರೇಕ್ ಒತ್ತಿದಾಗಲೋ ಎಂದು ಗಮನಿಸಿ. ಬ್ರೇಕ್ ಒತ್ತಿದಾಗಲಾದರೆ, ಪ್ಯಾಡ್ ಅಥವಾ ಶೂ ತನ್ನ ಜಾಗದಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿದದ್ದು. ಸಣ್ಣ ಪ್ರಮಾಣದಲ್ಲಿ ಅದು ಸಾಮಾನ್ಯ. ಕ್ಲಚ್ ಬಿಡುತ್ತ ಹೊರಡುವಾಗಲಾದರೆ ಗೇರ್‌ಬಾಕ್ಸ್‌ನಿಂದ ಚಕ್ರದವರೆಗಿನ ಸರಣಿಯಲ್ಲಿ ಎಲ್ಲೋ ಸಡಿಲವಿದೆ: ಗೇರ್‌ಬಾಕ್ಸ್ ಮೌಂಟಿಂಗ್, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಉದ್ದ ದಂಡದ, ಅಂದರೆ ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್‌ಗಳು (ಬಾಗಿದರೂ ತಿರುಗುವ ಕೀಲುಗಳು), ಶಾಫ್ಟಿನ ಜಾರುವ ಹಲ್ಲುಗಳು, ಆಕ್ಸಲನ್ನು ಹಿಂದುಮುಂದಾಗದಂತೆ ಹಿಡಿಯುವ ಕಂಟ್ರೋಲ್ ಆರ್ಮ್ ಬುಷ್‌ಗಳು, ಕೊನೆಗೆ ಕ್ರೌನ್-ಪಿನಿಯನ್. ನಾನು ತಪಾಸಣೆ ಮಾಡುವುದೂ ಇದೇ ಕ್ರಮದಲ್ಲಿ, ಏಕೆಂದರೆ ಕ್ರೌನ್-ಪಿನಿಯನ್ ಬಿಚ್ಚುವ ಖರ್ಚಿನ ಮುಂದೆ ಉಳಿದವೆಲ್ಲ ಸಣ್ಣವು.

ಎಂಜಿನ್ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಅಡೆ ಕೊಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದು, ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ಎಡಬಲ ತಿರುಗಿಸಿ ನೋಡಿಸಿ. ಜಾಯಿಂಟಿನ ಒಂದು ಬದಿ ಅಲುಗಿ ಇನ್ನೊಂದು ಬದಿ ನಿಂತೇ ಇದ್ದರೆ ಜಾಯಿಂಟ್ ಸವೆದಿದೆ. ಅದರ ಕಪ್ಪುಗಳ ಅಂಚಿನಲ್ಲಿ ತುಕ್ಕುಬಣ್ಣದ ಪುಡಿ ಇದ್ದರೆ ಒಳಗಿನ ಸೂಜಿ ಬೇರಿಂಗ್ ಒಣಗಿದೆ. ಜಾಯಿಂಟ್ ಎರಡೂ ಬದಿ ಒಟ್ಟಿಗೇ ತಿರುಗಿ, ಸಡಿಲವು ಆಕ್ಸಲಿನ ಒಳಗೆ ಮಾತ್ರ ಇದ್ದರೆ ಗಾಬರಿ ಬೇಡ: ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವೆ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗದಷ್ಟು ಸಡಿಲ ಇರಲೇಬೇಕು, ಒಳಗಿನ ಉಳಿದ ಗೇರುಗಳದ್ದೂ ಸೇರಿ ಶಾಫ್ಟಿನಲ್ಲಿ ಅದು ದೊಡ್ಡದಾಗಿ ಕಾಣುತ್ತದೆ. ನಿಜವಾಗಿ ಕೆಟ್ಟ ಕ್ರೌನ್-ಪಿನಿಯನ್ ವೇಗದಲ್ಲಿ ಊಳಿಡುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು. ನೀವು ಅಂಥದ್ದನ್ನು ಬರೆದಿಲ್ಲ. ಅನುಮಾನ ತೀರದಿದ್ದರೆ ಆಕ್ಸಲಿನೊಳಗಿನ ಈ ಗೇರುಗಳ ಎಣ್ಣೆಯನ್ನು (ಡಿಫರೆನ್ಷಿಯಲ್ ಆಯಿಲ್) ಇಳಿಸಿ ಪ್ಲಗ್ಗಿನ ಅಯಸ್ಕಾಂತವನ್ನು ನೋಡಿ: ಬೂದುಬಣ್ಣದ ನುಣುಪು ಲೇಪವಾದರೆ ಸಹಜ ಸವೆತ, ಬೆರಳಿಗೆ ಚುಚ್ಚುವ ಚೂರುಗಳಾದರೆ ಮಾತ್ರ ಬಿಚ್ಚಬೇಕು. ಕಂಟ್ರೋಲ್ ಆರ್ಮ್ ಬುಷ್ ನೋಡಲು, ಮೊಬೈಲನ್ನು ನೆಲದ ಮೇಲೆ ಚಕ್ರದ ಪಕ್ಕ ಆಕ್ಸಲಿನ ಕಡೆ ತಿರುಗಿಸಿ ವಿಡಿಯೋ ಹಚ್ಚಿಡಿ. ಅನುಭವಿ ಚಾಲಕರು ಬ್ರೇಕನ್ನು ಗಟ್ಟಿಯಾಗಿ ಒತ್ತಿಹಿಡಿದು ಮೊದಲನೆಯ ಗೇರಿನಲ್ಲೊಮ್ಮೆ, ರಿವರ್ಸಿನಲ್ಲೊಮ್ಮೆ ಕ್ಲಚ್ಚನ್ನು ಕಚ್ಚುವಷ್ಟು ಮಾತ್ರ ಬಿಡಲಿ. ಆರ್ಮಿನ ತುದಿ ಜಿಗಿದರೆ ವಿಡಿಯೋದಲ್ಲಿ ಕಾಣುತ್ತದೆ. ಆ ಹೊತ್ತಿನಲ್ಲಿ ಗಾಡಿಯ ಕೆಳಗಾಗಲಿ, ಗುಂಡಿಯಲ್ಲಾಗಲಿ, ಮುಂದೆ ಹಿಂದೆಯಾಗಲಿ ಯಾರೂ ಇರಕೂಡದು.

ನನ್ನ ಅಂದಾಜಿನಲ್ಲಿ ನಿಮ್ಮ ಟಕ್ ಜಾಯಿಂಟಿನದ್ದೋ ಒಣಗಿದ ಜಾರುಹಲ್ಲಿನದ್ದೋ ಇರಬೇಕು. ಗ್ರೀಸ್ ನಿಪ್ಪಲ್ ಇದ್ದರೆ ಮೊದಲು ಗ್ರೀಸ್ ಹಾಕಿಸಿ ನೋಡಿ. ಹಲ್ಲಿನ ತೊಂದರೆಯಾಗಿದ್ದರೆ ಅಷ್ಟಕ್ಕೇ ನಿಲ್ಲುವುದುಂಟು. ಸವೆದ ಜಾಯಿಂಟ್ ಮಾತ್ರ ಗ್ರೀಸಿನಿಂದ ಸರಿಹೋಗದು. ಬದಲಿಸುವಾಗ ಶಾಫ್ಟಿಗೂ ಫ್ಲಾಂಜಿಗೂ ಗುರುತು ಹಾಕಿ, ಬಿಚ್ಚಿದ ಸ್ಥಾನದಲ್ಲೇ ಮತ್ತೆ ಕೂರಿಸದಿದ್ದರೆ ವೇಗದಲ್ಲಿ ಹೊಸ ನಡುಕ ಶುರುವಾಗುತ್ತದೆ.

ಇದೇ ಪ್ರಶ್ನೆ ಬೇರೆ ಗಾಡಿಯವರದ್ದಾಗಿದ್ದರೆ ಉತ್ತರ ಬದಲಾಗುತ್ತಿತ್ತು ಎಂಬುದನ್ನೂ ಹೇಳಬೇಕು. ಬೊಲೆರೊದ ಹಿಂದೆ ಇರುವುದು ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್), ಅಲ್ಲಿ ಪಟ್ಟಿಯ ತುದಿಯ ಕೊಂಡಿಯಲ್ಲಿರುವ ಶ್ಯಾಕಲ್ ಬುಷ್ ಮತ್ತು ಪಟ್ಟಿಯನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟ್ ನೋಡಬೇಕು. ಕ್ರೆಟಾದಂಥ ಮುಂದಿನ ಚಕ್ರದ ಎಳೆತದ ಗಾಡಿಗಳಲ್ಲಿ ಹಿಂದೆ ಪ್ರೊಪೆಲ್ಲರ್ ಶಾಫ್ಟೇ ಇಲ್ಲ, ತಿರುಚುವ ತೊಲೆಯ ಎರಡು ದೊಡ್ಡ ಬುಷ್‌ಗಳೇ ಮುಖ್ಯ.

ಚಾರ್ಮಾಡಿಯ ವಿಷಯ. ಲಟಲಟ ಸದ್ದು ಡಿಕ್ಕಿಯದ್ದೋ ಲಿಂಕ್ ರಾಡಿನದ್ದೋ ಎಂದು ಖಚಿತವಾದರೆ ಅದನ್ನಿಟ್ಟುಕೊಂಡು ನಿಧಾನವಾಗಿ ಹೋಗಿಬರಬಹುದು. ಆದರೆ ಚಕ್ರದ ನಟ್‌ಗಳು, ಸ್ಪ್ರಿಂಗ್, ಸ್ಟೆಪ್ನಿಯ ಸರಪಳಿ, ಕಂಟ್ರೋಲ್ ಆರ್ಮಿನ ಬೋಲ್ಟುಗಳು ಮತ್ತು ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಈ ಐದನ್ನು ನೋಡಿಸದೆ ಘಾಟಿಯ ಮೇಲ್ತುದಿಯ ಕೊಟ್ಟಿಗೆಹಾರ ದಾಟಬೇಡಿ. ಘಾಟಿ ಇಳಿಯುವಾಗ ಕಡಿಮೆ ಗೇರಿನಲ್ಲಿ ಎಂಜಿನ್ನಿನ ಹಿಡಿತದಿಂದಲೇ ಗಾಡಿಯನ್ನು ನಿಯಂತ್ರಿಸುತ್ತೇವೆ. ಸವೆದ ಜಾಯಿಂಟ್ ನಡುದಾರಿಯಲ್ಲಿ ಮುರಿದರೆ ಆ ಹಿಡಿತ ಒಮ್ಮೆಲೇ ತಪ್ಪಿ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಕಳಚಿದ ಶಾಫ್ಟ್ ಅಡಿಭಾಗದಲ್ಲಿ ಏನನ್ನಾದರೂ ಹೊಡೆದು ಹಾಳುಮಾಡಬಹುದು. ಜಾಯಿಂಟಿನಲ್ಲಿ ಕೈಗೆ ಸಿಗುವಷ್ಟು ಸಡಿಲ ಕಂಡರೆ ಬದಲಿಸಿಯೇ ಹೊರಡಿ, ಕೆಲಸ ಮುಗಿದ ಮೇಲೆ ಮೂಡಿಗೆರೆಯ ಸುತ್ತಲೇ ಒಂದೆರಡು ದಿನ ಓಡಿಸಿ ಬೋಲ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿಕೊಳ್ಳಿ. ಅಷ್ಟರೊಳಗೆ ಕೆಲಸ ಆಗದಿದ್ದರೆ ಬೇರೆ ಗಾಡಿಯಲ್ಲಿ ಹೋಗುವುದು ಒಳ್ಳೆಯದು.